ನಾಟಕ ಕಂಪನಿಯ ನೌಕರಿ: ಬಣ್ಣ ಮತ್ತು ಬಾಕಿ

ಕೊಪ್ಪಳದಲ್ಲಿ ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ಮುಗಿಯುತ್ತ ಬಂದಿತ್ತು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಬಂದಿದ್ದ ವಿದ್ಯಾರ್ಥಿಗಳು ಸಭಾಂಗಣದ ತುಂಬ ಕುಳಿತಿದ್ದರು. ಕೊನೆಯ ಪ್ರಶ್ನೆಗೆ ಅವಕಾಶ ಕೊಟ್ಟಾಗ ಯಲಬುರ್ಗಾ ಕಡೆಯ ಹುಡುಗಿಯೊಬ್ಬಳು ಎದ್ದು, “ಸರ್, ದೊಡ್ಡ ಮನರಂಜನಾ ಕಂಪನಿಯೊಳಗ ಕೆಲಸ ಸಿಕ್ಕರ ಸೇರಬೇಕೋ ಬ್ಯಾಡೋ? ನಮ್ಮಪ್ಪ ಅದು ನೌಕರೀನ ಅಲ್ಲ ಅಂತಾರ್ರಿ” ಎಂದು ಕೇಳಿದಳು. ಸಭೆ ನಕ್ಕಿತು. ನಮ್ಮ ಬಳಿ ಉಳಿದಿದ್ದುದು ಎರಡೇ ನಿಮಿಷ. ಏನೋ ಒಂದು ಹೇಳಿ ಮುಗಿಸಿದೆವು. ಪ್ರಸಾರವಾದಾಗ ಆ ಉತ್ತರ ಕೇಳಿ ನನಗೇ ಸಮಾಧಾನವಾಗಲಿಲ್ಲ. ಅದಕ್ಕಾಗಿ ಈ ಪುಟಗಳು.

ಆಕೆಯ ತಂದೆಯ ಮಾತನ್ನು ನಗುತ್ತ ತಳ್ಳಿಹಾಕುವಂತಿಲ್ಲ. ಇಂದು ‘ಕಂಪನಿ’ ಎಂದರೆ ನಿಮ್ಮ ಕಣ್ಣ ಮುಂದೆ ಬೆಂಗಳೂರಿನ ಗಾಜಿನ ಕಟ್ಟಡ ಬರಬಹುದು. ಒಂದು ತಲೆಮಾರಿನ ಹಿಂದೆ ಈ ನಾಲ್ಕು ಊರುಗಳಲ್ಲಿ “ಕಂಪನಿ ಬಂದೈತಿ” ಎಂದರೆ ಅರ್ಥ ಒಂದೇ: ನಾಟಕ ಕಂಪನಿ ಬಂದಿದೆ. “ಅವನು ಕಂಪನಿಗೆ ಹೋದ” ಎಂದರೆ ಮನೆ ಬಿಟ್ಟ ಎಂದೇ ಅರ್ಥ. ಸಿನೆಮಾ, ದೂರದರ್ಶನ ಬರುವುದಕ್ಕೆ ಬಹಳ ಮೊದಲೇ ನೂರಾರು ಜನ ಸಂಬಳಕ್ಕಾಗಿ ದುಡಿಯುತ್ತಿದ್ದ ದೊಡ್ಡ ಮನರಂಜನಾ ಸಂಸ್ಥೆಗಳು ನಮ್ಮಲ್ಲಿದ್ದವು. ಆ ನೌಕರಿಯಲ್ಲಿ ಏನು ಸಿಗುತ್ತಿತ್ತು, ಏನು ಹೋಗುತ್ತಿತ್ತು ಎಂಬುದನ್ನು ತಿಳಿದರೆ ಇಂದಿನ ಕಂಪನಿಗಳ ಸ್ವಭಾವವೂ ತಕ್ಕಮಟ್ಟಿಗೆ ತಿಳಿಯುತ್ತದೆ.

ಮೊದಲು ಗಾತ್ರದ ಮಾತು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘಕ್ಕೆ ಬಾಲಕನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು. 1934ರಲ್ಲಿ ಅವರು ರಂಗಕ್ಕೆ ತಂದ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ವೇದಿಕೆ ಏರಿದವು. ಆನೆ ವೇದಿಕೆಗೆ ಬರುವುದನ್ನು ಪ್ರೇಕ್ಷಕರು ನೋಡುತ್ತಾರೆ. ಆ ಆನೆಗೆ ಮೇವು ಹಾಕುವವನು, ಅದರ ಭಾರ ತಡೆಯುವಂತೆ ಹಲಗೆ ಜೋಡಿಸುವ ಬಡಗಿ, ಪರದೆಯ ಹಗ್ಗ ಹಿಡಿದವನು, ದೀಪ ನೋಡಿಕೊಳ್ಳುವವನು, ನಡುರಾತ್ರಿ ನೂರಾರು ಜನಕ್ಕೆ ಅನ್ನ ಬೇಯಿಸುವ ಭಟ್ಟ, ಇವರೂ ಆ ಸಂಸ್ಥೆಯ ನೌಕರರೇ. ದೂರದರ್ಶನದಲ್ಲಿಯೂ ಹೀಗೆಯೇ. ತೆರೆಯ ಮೇಲೆ ಒಬ್ಬರು ಮಾತಾಡುತ್ತಿದ್ದರೆ ಹಿಂದೆ ಹದಿನೈದು ಜನ ನಿಂತಿರುತ್ತಾರೆ.

ಉತ್ತರ ಕರ್ನಾಟಕದ ಕಂಪನಿಗಳ ಕಥೆ ಸ್ವಲ್ಪ ಬೇರೆ. ಗದುಗಿನ ಗರೂಡ ಸದಾಶಿವರಾಯರ ಕಂಪನಿ, ಹುಬ್ಬಳ್ಳಿಯ ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಶಿರಹಟ್ಟಿ ಕಂಪನಿ, ಕೊಣ್ಣೂರು ಕಂಪನಿ, ಮುಂದೆ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ, ಹೀಗೆ ಹೆಸರುಗಳು ಬಹಳ. ಇವು ರಾಜಾಶ್ರಯಕ್ಕಿಂತ ಹೆಚ್ಚಾಗಿ ಟಿಕೇಟಿನ ಹಣವನ್ನೇ ನಂಬಿದ್ದವು. 1948ರವರೆಗೆ ನಮ್ಮ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. ಗದಗ, ಹುಬ್ಬಳ್ಳಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಆಡಳಿತ ಬೇರೆಯಾದರೂ ಗದುಗಿನಿಂದ ಹೊಸಪೇಟೆಗೆ ಹೋಗುವ ರೈಲು ಕೊಪ್ಪಳದ ಮೇಲೆಯೇ ಹಾದುಹೋಗುತ್ತಿತ್ತು. ಪರದೆ, ಪೆಟ್ಟಿಗೆ, ತಗಡುಗಳ ಭಾರ ಹೊತ್ತ ಕಂಪನಿಗೆ ರೈಲು ನಿಲ್ಲುವ ಊರು ಅನುಕೂಲ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಯಲಬುರ್ಗಾ ದಾಟಿ ಕುಷ್ಟಗಿಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಅದಕ್ಕೆ ಮೊದಲು ಆ ಊರುಗಳಿಗೆ ಸಾಮಾನು ಹೋಗಬೇಕಾದರೆ ಚಕ್ಕಡಿ, ಆಮೇಲೆ ಲಾರಿ. ಊರಿಂದೂರಿಗೆ ಸಾಗುವ ಈ ಖರ್ಚು ಕಂಪನಿಯ ಲೆಕ್ಕದಲ್ಲಿ ದೊಡ್ಡ ಬಾಬತ್ತು.

ಕಂಪನಿ ಯಾವ ಊರಿಗೆ ಯಾವಾಗ ಹೋಗಬೇಕು ಎಂಬುದನ್ನು ಹೊಲವೂ ಜಾತ್ರೆಯೂ ನಿರ್ಧರಿಸುತ್ತಿದ್ದವು. ಸುಗ್ಗಿಯಾಗಿ ರೈತನ ಕೈಯಲ್ಲಿ ನಾಲ್ಕು ಕಾಸು ಆಡುವಾಗ ಜಾತ್ರೆಗಳೂ ಬರುತ್ತವೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ತೇರು, ಅದಾದ ಎರಡು ದಿನಕ್ಕೆ ಕೊಪ್ಪಳದ ಗವಿಸಿದ್ಧೇಶ್ವರನ ತೇರು. ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಹಲವು ಕಂಪನಿಗಳು ಅಕ್ಕಪಕ್ಕ ಥಿಯೇಟರು ಹಾಕಿ ವಾರಗಟ್ಟಲೆ ಆಡುತ್ತವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ನಾಡಾಯಿತು. ವರ್ಷದಲ್ಲಿ ಎರಡು ಬೆಳೆ ತೆಗೆಯುವ ಊರಿನಲ್ಲಿ ಥಿಯೇಟರು ಹಾಕಲು ಯಾವ ಮಾಲೀಕನಿಗೆ ಮನಸ್ಸಾಗದು? ಮಳೆ ನಂಬಿದ ಕುಷ್ಟಗಿ, ಯಲಬುರ್ಗಾಗಳ ಮಾತು ಹಾಗಲ್ಲ. ಬರ ಬಂದರೆ ಜೋಳ ಸಜ್ಜೆಗಳ ಜೊತೆಗೆ ಕಂಪನಿಯ ಗಲ್ಲಾಪೆಟ್ಟಿಗೆಯೂ ಒಣಗುತ್ತಿತ್ತು.

ಇನ್ನು ಒಳಗಿನ ಬದುಕು. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನವೇ ಪಾತ್ರ ಸಿಗುತ್ತಿರಲಿಲ್ಲ. ಪರದೆ ಎಳೆಯುವುದು, ಬಟ್ಟೆ ಮಡಿಸುವುದು, ಹ್ಯಾಂಡ್‌ಬಿಲ್ ಹಂಚುವುದು, ಹಿರಿಯ ನಟರಿಗೆ ಚಹಾ ತರುವುದು ಅವನ ಕೆಲಸ. ಬೆಳಗ್ಗೆ ಪೇಟಿ ಮಾಸ್ತರರ ಮುಂದೆ ಕುಳಿತು ಸ್ವರ ಸಾಧಿಸಬೇಕು. ಮಧ್ಯಾಹ್ನ ತಾಲೀಮು. ರಾತ್ರಿ ಪ್ರಯೋಗ. ಮಲಗುವಾಗ ಕೋಳಿ ಕೂಗುವ ಹೊತ್ತು. ಹಾಡು ಬಾರದವನಿಗೆ ನಾಯಕನ ಪಾತ್ರ ದೂರದ ಮಾತು. ಇದಕ್ಕೆ ಒಂದು ಭೌತಶಾಸ್ತ್ರದ ಕಾರಣವೂ ಇದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಧ್ವನಿಯ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನ ನೆಲದ ಟಿಕೇಟಿನವನಿಗೂ ಮಾತು ಮುಟ್ಟಬೇಕೆಂದರೆ ಎತ್ತರದ ಶ್ರುತಿಯಲ್ಲಿ, ಸ್ವರ ಎಳೆದು ಹೇಳಬೇಕಾಗಿತ್ತು. ಹಳೆಯ ನಟರ ‘ಕೂಗಾಟ’ವನ್ನು ನಾವು ಈಗ ಹಾಸ್ಯ ಮಾಡುತ್ತೇವೆ. ಅದು ಆ ಕಾಲದ ತಂತ್ರಜ್ಞಾನ.

ಇಷ್ಟು ಕಷ್ಟಪಟ್ಟು ಹುಡುಗರು ಅಲ್ಲಿ ಏಕೆ ನಿಲ್ಲುತ್ತಿದ್ದರು? ಊಟ ಸಿಗುತ್ತಿತ್ತು ಎಂಬುದು ಒಂದು ಕಾರಣ. ಅದನ್ನು ಸಣ್ಣದೆಂದು ಎಣಿಸಬೇಡಿ. ಎರಡನೆಯದು, ಯಾವ ಶಾಲೆಯೂ ಕಲಿಸದ ವಿದ್ಯೆ ಅಲ್ಲಿ ಸಿಗುತ್ತಿತ್ತು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿ ಹಾಡುತ್ತಿದ್ದವರು. ಅಲ್ಲಿಂದಲೇ ಮೀರಜಿನ ನೀಲಕಂಠ ಬುವಾ ಅವರ ಶಿಷ್ಯತ್ವ ದೊರೆಯಿತು. ಗಾಜನೂರಿನ ಮುತ್ತುರಾಜ್ ತಂದೆ ಪುಟ್ಟಸ್ವಾಮಯ್ಯನವರ ಬೆನ್ನು ಹಿಡಿದು ಗುಬ್ಬಿ ಕಂಪನಿಗೆ ಬಂದರು. 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ಅವರು ರಾಜಕುಮಾರ್ ಆದದ್ದು ನಿಮಗೆ ಗೊತ್ತು. ಮನೆ ಬಿಟ್ಟು ಓಡಿಬಂದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತ. ಅವರನ್ನು ವೀರಣ್ಣನವರೇ ಕಾಶಿಗೆ ಎಂ.ಎ. ಓದಲು ಕಳುಹಿಸಿದರು. ಆ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು. ನೌಕರನನ್ನು ತನ್ನ ಕಂಪನಿಯಿಂದ ಬಿಡಿಸಿ ಓದಲು ಕಳುಹಿಸುವ ಮಾಲೀಕರು ಯಾವ ಕಾಲದಲ್ಲಿಯೂ ಅಪರೂಪ.

ನಮ್ಮ ನೆರೆಯ ಗದುಗಿನ ಉದಾಹರಣೆ ಇನ್ನೂ ವಿಶೇಷ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಆ ಮಕ್ಕಳ ಊಟದ ಖರ್ಚಿಗೆ ನಾಟಕ ಕಂಪನಿಯ ಗಳಿಕೆಯೂ ಆಧಾರವಾಯಿತು. ಅವರ ನಂತರ ಪುಟ್ಟರಾಜ ಗವಾಯಿಗಳು ನಾಟಕ ಬರೆದು, ಆಡಿಸಿ ಅದನ್ನು ಮುಂದುವರಿಸಿದರು. ಅಲ್ಲಿ ಟಿಕೇಟು ಕೊಂಡವನ ದುಡ್ಡು ಒಬ್ಬ ಮಗುವಿನ ತಟ್ಟೆಗೆ ಹೋಗುತ್ತಿತ್ತು. ಎಲ್ಲ ಕಂಪನಿಗಳೂ ಹೀಗಿರಲಿಲ್ಲ.

ಈಗ ಏರು-ಇಳಿತದ ಮೂಲಕ್ಕೆ ಬರೋಣ. ಒಂದು ಕಲ್ಪಿತ ಲೆಕ್ಕ ಮಾಡಿ. ಒಂದು ಕಂಪನಿಯಲ್ಲಿ 60 ಜನರಿದ್ದಾರೆ. ಊಟ, ಪಗಾರ, ಜಾಗದ ಬಾಡಿಗೆ, ವಿದ್ಯುತ್ತು, ಜಾಹೀರಾತು ಸೇರಿ ದಿನಕ್ಕೆ 30,000 ರೂಪಾಯಿ ಖರ್ಚು. ಥಿಯೇಟರು ತುಂಬಿದ ರಾತ್ರಿ 50,000 ರೂಪಾಯಿ ಗಳಿಕೆ. ಕೇಳಲು ಒಳ್ಳೆಯ ವ್ಯಾಪಾರ. ಆದರೆ ತಿಂಗಳ ಖರ್ಚು 9 ಲಕ್ಷ. ಅದನ್ನು ಸರಿದೂಗಿಸಲು 18 ರಾತ್ರಿ ತುಂಬಿದ ಮನೆ ಬೇಕು. ಮಳೆ, ಊರಿನ ಗಲಾಟೆ, ಎದುರು ಕಂಪನಿಯ ಹೊಸ ನಾಟಕ, ಹೀಗೆ ಏನೋ ಆಗಿ 15 ರಾತ್ರಿ ಮಾತ್ರ ತುಂಬಿದರೆ ಗಳಿಕೆ ಏಳೂವರೆ ಲಕ್ಷ. ಬರೀ ಮೂರು ರಾತ್ರಿಯ ವ್ಯತ್ಯಾಸಕ್ಕೆ ತಿಂಗಳ ಕೊನೆಗೆ ಒಂದೂವರೆ ಲಕ್ಷ ಸಾಲ.

ರೈತ ಈ ವರ್ಷದ ಜೋಳವನ್ನು ಹಗೇವಿನಲ್ಲಿ ಹಾಕಿಟ್ಟು ಬೆಲೆ ಬಂದಾಗ ತೆಗೆಯಬಹುದು. ಇವತ್ತು ರಾತ್ರಿ ಖಾಲಿ ಉಳಿದ ಕುರ್ಚಿಯನ್ನು ನಾಳೆ ಮಾರಲು ಬರುವುದಿಲ್ಲ. ಅಡುಗೆಯ ಒಲೆ ಮಾತ್ರ ನಾಟಕ ನಡೆದರೂ ನಡೆಯದಿದ್ದರೂ ಉರಿಯಬೇಕು. ಮನರಂಜನೆಯ ಎಲ್ಲ ದೊಡ್ಡ ಸಂಸ್ಥೆಗಳ ಚಂಚಲತೆಗೂ ಮೂಲ ಇದೇ. ತಗಡಿನ ಮೇಲೆ ಜೋರು ಮಳೆ ಬಿದ್ದರೆ ಬಂದ ಪ್ರೇಕ್ಷಕನಿಗೂ ಮಾತು ಕೇಳಿಸುವುದಿಲ್ಲ. ನಾಟಕ ನಿಲ್ಲಿಸಿ ಮರುದಿನದ ಪಾಸು ಬರೆದುಕೊಡಬೇಕಾದ ರಾತ್ರಿಗಳನ್ನು ಕಂಡ ಮ್ಯಾನೇಜರುಗಳು ಮೋಡ ನೋಡುವುದರಲ್ಲಿ ಹವಾಮಾನ ಇಲಾಖೆಯವರಿಗಿಂತ ಚುರುಕು!

ಪ್ರಶ್ನೆ ಏನೆಂದರೆ, ಆ ಒಂದೂವರೆ ಲಕ್ಷವನ್ನು ಯಾರು ಹೊರಬೇಕು? ಮೊದಲು ಮಾಲೀಕ ಸಾಲ ಮಾಡುತ್ತಾನೆ. ಹೆಂಡತಿಯ ಬಂಗಾರ ಒತ್ತೆ ಹೋಗುತ್ತದೆ. ಪರದೆ, ಪೆಟ್ಟಿಗೆ, ಇಡೀ ಸೆಟ್ಟು ಒತ್ತೆಬಿದ್ದ ಕಂಪನಿಗಳುಂಟು. ಆಮೇಲೆ ಪಗಾರ ತಡೆಯುತ್ತದೆ. “ಮುಂದಿನ ಕ್ಯಾಂಪಿನ್ಯಾಗ ನೋಡೂಣು” ಎಂಬ ಮಾತು ಬರುತ್ತದೆ. ಹೆಸರು ಮಾಡಿದ ನಟನನ್ನು ಇನ್ನೊಂದು ಕಂಪನಿ ಮುಂಗಡ ಕೊಟ್ಟು ಕರೆದುಕೊಳ್ಳುತ್ತದೆ. ಪರದೆ ಎಳೆಯುವವನಿಗೆ ಆ ದಾರಿ ಇಲ್ಲ. ಬಾಕಿ ಬಿಟ್ಟು ಹೋದರೆ ಬಾಕಿ ಹೋಯಿತು, ಉಳಿದರೆ ಬಾಕಿ ಬೆಳೆಯಿತು. ಮುಂಗಡ ಪಡೆದ ನಟನ ಪಾಡೂ ಸುಖದ್ದಲ್ಲ. ಮಗಳ ಮದುವೆಗೆಂದು ಪಡೆದ ಹಣ ತೀರುವವರೆಗೆ ಅವನು ಕಂಪನಿ ಬಿಡುವಂತಿಲ್ಲ.

ಇದು ನಮ್ಮ ಹಳ್ಳಿಗಾಡಿನ ಕಂಪನಿಗಳ ದೋಷ ಮಾತ್ರ ಎಂದು ತಿಳಿಯಬೇಡಿ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ನಟರನ್ನು ಏಳು ವರ್ಷದ ಕರಾರಿನಲ್ಲಿ ಕಟ್ಟಿಹಾಕುತ್ತಿದ್ದವು. ಪಾತ್ರ ಒಪ್ಪದೆ ಕುಳಿತ ದಿನಗಳನ್ನು ಲೆಕ್ಕದಿಂದ ಬಿಟ್ಟು ಅವಧಿಯನ್ನು ಇನ್ನೂ ಎಳೆಯುತ್ತಿದ್ದವು. ಒಲಿವಿಯಾ ಡಿ ಹ್ಯಾವಿಲೆಂಡ್ ಎಂಬ ನಟಿ ನ್ಯಾಯಾಲಯಕ್ಕೆ ಹೋದ ಮೇಲೆ, ಏಳು ವರ್ಷ ಎಂದರೆ ಪಂಚಾಂಗದ ಏಳು ವರ್ಷವೇ ಎಂದು 1944ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ತೀರ್ಪಿತ್ತಿತು. ಮಕ್ಕಳ ಮೆಚ್ಚಿನ ಡಿಸ್ನಿ ಸಂಸ್ಥೆಯಲ್ಲಿ 1937ರ ‘ಸ್ನೋ ವೈಟ್’ ಚಿತ್ರ ಭಾರಿ ಗೆದ್ದಿತು, ಹೊಸ ಸ್ಟುಡಿಯೋ ಕಟ್ಟಿದರು. ಮುಂದಿನ ಚಿತ್ರಗಳು ಸೋತವು. 1941ರಲ್ಲಿ ಚಿತ್ರಕಾರರೇ ಮುಷ್ಕರ ಹೂಡಿ ಗೇಟಿನ ಹೊರಗೆ ನಿಂತರು. ಅದೇ ಸಂಸ್ಥೆ 2023ರಲ್ಲಿ ಸುಮಾರು 7,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಕಂಪನಿ ದೊಡ್ಡದಾದಷ್ಟೂ ನೌಕರಿ ಭದ್ರ ಎಂಬ ನಂಬಿಕೆಗೆ ಈ ಕ್ಷೇತ್ರದಲ್ಲಿ ಆಧಾರ ಕಡಿಮೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬಹಳ ಕಾಲ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದ ಏಣಗಿ ಬಾಳಪ್ಪನವರು ಸಹ ಮೊದಲು ಸ್ತ್ರೀಪಾತ್ರಗಳಿಂದಲೇ ಹೆಸರಾದವರು. ಮಹಿಳೆಯರು ರಂಗಕ್ಕೆ ಬಂದ ಮೇಲೆ ಜನ ಅವರನ್ನು ನೋಡಲು ಮುಗಿಬಿದ್ದರು. ಹಾಗೆ ಮುಗಿಬಿದ್ದವರೇ ಅವರಿಗೆ ಊರಿನಲ್ಲಿ ಬಾಡಿಗೆ ಮನೆ ಕೊಡಲು ಹಿಂಜರಿದರು. ಇಂಥ ಪರಿಸ್ಥಿತಿಯಲ್ಲಿ ಯಲಬುರ್ಗಾ ಸೀಮೆಯ ಕುಕನೂರಿನ ರಹಿಮಾನವ್ವ ನಟಿಯಾಗಿ ದುಡಿದುದಲ್ಲದೆ ಕಂಪನಿಯ ಒಡತಿಯೂ ಆದರು. ಕುಕನೂರು ಈಗ ತಾಲೂಕು ಕೇಂದ್ರ. ಅಲ್ಲಿಯ ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ ಆಕೆಯ ಬಗ್ಗೆ ಬರೆದಿಟ್ಟರೆ ಅದೇ ಒಂದು ಒಳ್ಳೆಯ ಯೋಜನಾ ಕಾರ್ಯವಾದೀತು. ಇಂದಿಗೂ ಈ ಭಾಗದ ಅನೇಕ ವೃತ್ತಿ ನಟಿಯರು ಹಳ್ಳಿಯ ಹವ್ಯಾಸಿ ನಾಟಕಗಳಿಗೆ ಒಂದು ರಾತ್ರಿಯ ಸಂಭಾವನೆಯ ಮೇಲೆ ಹೋಗುತ್ತಾರೆ. ರಾತ್ರಿ ಮೂರು ಗಂಟೆಗೆ ನಾಟಕ ಮುಗಿದ ಮೇಲೆ ಬೆಳಗಿನ ಮೊದಲ ಬಸ್ಸು ಬರುವವರೆಗೆ ಎಲ್ಲಿ ಕೂಡಬೇಕು ಎಂಬುದು ಅವರಿಗೆ ಅಭಿನಯಕ್ಕಿಂತ ದೊಡ್ಡ ಸಮಸ್ಯೆ.

ಕಂಪನಿಯಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನೂ ಮರೆಯಬಾರದು. ಕ್ಯಾಂಪು ಬದಲಾದಾಗಲೆಲ್ಲ ಅವರ ಶಾಲೆ ಬದಲಾಗುತ್ತದೆ. ಕುಷ್ಟಗಿಯಲ್ಲಿ ಭಾಗಾಕಾರ ಅರ್ಧ ಕಲಿತವನು ಮುಂದಿನ ಊರಿಗೆ ಹೋದಾಗ ಅಲ್ಲಿ ಭಿನ್ನರಾಶಿ ನಡೆಯುತ್ತಿರುತ್ತದೆ. ಹುಡುಗನಿಗೆ ಇಡೀ ನಾಟಕದ ಮಾತುಗಳು ಬಾಯಿಪಾಠ. ಗಣಿತದಲ್ಲಿ ನಪಾಸು.

ದೂರದರ್ಶನ, ಆಮೇಲೆ ಖಾಸಗಿ ವಾಹಿನಿಗಳು, ಈಗ ಕೈಯಲ್ಲಿಯ ಮೊಬೈಲು ಬಂದಂತೆ ಪ್ರೇಕ್ಷಕನನ್ನು ಥಿಯೇಟರಿಗೆ ಎಳೆಯುವುದು ಕಷ್ಟವಾಯಿತು. ಕೆಲವು ಕಂಪನಿಗಳು ಹಿಡಿದ ಸುಲಭದ ದಾರಿ ದ್ವಂದ್ವಾರ್ಥದ ಸಂಭಾಷಣೆ. ಜಾತ್ರೆಯ ಬ್ಯಾನರುಗಳ ಹೆಸರು ಓದಿದರೆ ಸಾಕು, ಒಳಗೇನಿದೆ ಎಂದು ತಿಳಿಯುತ್ತದೆ. “ಜನ ಕೇಳ್ತಾರ, ನಾವ್ ಕೊಡ್ತೀವಿ” ಎಂದು ಮಾಲೀಕರು ಹೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆ ಸಮರ್ಥನೆಯನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಏಕೆಂದರೆ ಆ ಮಾತನ್ನು ಆಡಬೇಕಾದದ್ದು ಮಾಲೀಕನಲ್ಲ. ತನ್ನ ಮಗ ರಂಗದ ಪಕ್ಕದಲ್ಲಿ ನಿಂತಿರುವಾಗ ಒಬ್ಬ ನಟಿ ಅದನ್ನು ಆಡಬೇಕು, ಬೇಡವೆಂದರೆ ಪಾತ್ರ ಬಿಡಬೇಕು.

ನನ್ನ ಅನುಭವವನ್ನೂ ಒಂದಿಷ್ಟು ಹೇಳುತ್ತೇನೆ. ಬಿ.ಎಸ್ಸಿ. ಮುಗಿಸಿದ ಮೇಲೆ ಈ ಕೇಂದ್ರಕ್ಕೆ ಬರುವ ಮೊದಲು ನಾನು ಒಂದು ದೊಡ್ಡ ಖಾಸಗಿ ಮನರಂಜನಾ ಸಂಸ್ಥೆಯಲ್ಲಿ ನಿರ್ಮಾಣ ಸಹಾಯಕನಾಗಿದ್ದೆ. ಕ್ಯಾಮೆರಾದ ಲೆನ್ಸಿನಿಂದ ಹಿಡಿದು ಊಟದ ಡಬ್ಬಿ ಎಣಿಸುವವರೆಗೆ ನಾನು ಕಲಿತದ್ದೆಲ್ಲ ಅಲ್ಲಿಯೇ. ಆ ಎರಡು ವರ್ಷದ ಕಲಿಕೆ ಇಂದಿಗೂ ನನ್ನ ಅನ್ನ. ಒಂದು ಸೋಮವಾರ ನಮ್ಮ ಧಾರಾವಾಹಿ ಇನ್ನು ಇಲ್ಲ ಎಂದರು. ಹಿಂದಿನ ಶುಕ್ರವಾರ ಮುಂದಿನ ವಾರದ ಸೆಟ್ಟಿಗೆ ಬಣ್ಣ ಹೊಡೆದಿದ್ದೆವು. ಕಲಾವಿದರಿಗೆ ಬೇರೆ ಕಡೆ ಕರೆ ಬಂತು. ನಮ್ಮ ಲೈಟ್ ಬಾಯ್‌ಗಳಿಗೆ ಬರಬೇಕಾಗಿದ್ದ ಎರಡು ತಿಂಗಳ ಹಣ ಯಾರು ಕೊಡಬೇಕು ಎಂಬುದೇ ಇತ್ಯರ್ಥವಾಗಲಿಲ್ಲ. ಸಂಸ್ಥೆ ಗುತ್ತಿಗೆದಾರನನ್ನು ತೋರಿಸಿತು, ಗುತ್ತಿಗೆದಾರ ಸಂಸ್ಥೆಯನ್ನು ತೋರಿಸಿದ. ಬರೆದ ಕಾಗದ ಯಾರ ಕೈಯಲ್ಲಿಯೂ ಇರಲಿಲ್ಲ.

ಆದ್ದರಿಂದ ಯಲಬುರ್ಗಾದ ಆ ವಿದ್ಯಾರ್ಥಿನಿಗೆ ನನ್ನ ಉತ್ತರ: ಸೇರು, ಆದರೆ ಕಾಗದ ಕೇಳಿ ಸೇರು. ಸಿನೆಮಾ ಕಾರ್ಮಿಕರನ್ನು ಲಿಖಿತ ಕರಾರಿಲ್ಲದೆ ದುಡಿಸಬಾರದು ಎಂದು 1981ರಲ್ಲಿಯೇ ಕೇಂದ್ರ ಸರ್ಕಾರ ಕಾಯಿದೆ ಮಾಡಿತು. ಧಾರಾವಾಹಿ ಮುಂತಾದ ದೃಶ್ಯ-ಶ್ರವ್ಯ ಕೆಲಸಗಾರರನ್ನೂ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಲೆಕ್ಕಕ್ಕೆ ತೆಗೆದುಕೊಂಡಿದೆ. ನಿನ್ನ ಪಗಾರ ಕೊಡುವವರು ಯಾರು, ಯಾವ ತಾರೀಕಿಗೆ, ಕಾರ್ಯಕ್ರಮ ನಿಂತರೆ ಎಷ್ಟು ದಿನದ ಹಣ ಎಂಬ ಮೂರು ಸಂಗತಿಗಳು ಆ ಕಾಗದದಲ್ಲಿ ಇವೆಯೇ ನೋಡು. ಧ್ವನಿ, ಬೆಳಕು, ಸಂಕಲನ, ಹೀಗೆ ಯಾವುದಾದರೂ ಒಂದು ಕೈಕೆಲಸವನ್ನು ಪೂರ್ತಿ ಕಲಿ. ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ. ಪಿ.ಯು.ಸಿ. ವಿಜ್ಞಾನ ಓದಿದವರಿಗೆ ಧ್ವನಿಗ್ರಹಣದ ಪಾಠ ಕಷ್ಟವಾಗದು. ರಂಗದ ಹಿರಿಯ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ ನಿಜ, ಆದರೆ ಅದು ವಯಸ್ಸಾದ ಮೇಲಿನ ಮಾತು.

ಈ ಬರಹ ಅಚ್ಚಿಗೆ ಹೋಗುವ ಮೊದಲು ಆ ಹುಡುಗಿಯಿಂದ ಕೇಂದ್ರಕ್ಕೊಂದು ಪತ್ರ ಬಂತು. ಕಾರ್ಯಕ್ರಮ ಪ್ರಸಾರವಾದ ರಾತ್ರಿ ಅವಳ ತಂದೆ ಮೊದಲ ಬಾರಿಗೆ ಮನೆಯಲ್ಲಿ ಒಂದು ಸಂಗತಿ ಹೇಳಿದರಂತೆ. ಅವರು ಹದಿನಾರನೆಯ ವಯಸ್ಸಿನಲ್ಲಿ ಗವಿಮಠದ ಜಾತ್ರೆಯಿಂದ ಹಾಗೆಯೇ ಒಂದು ಕಂಪನಿಯ ಲಾರಿ ಹತ್ತಿ ಹೋಗಿದ್ದರು. ಐದು ತಿಂಗಳು ಪರದೆ ಎಳೆದರು, ಒಂದು ಸಲ ದ್ವಾರಪಾಲಕನ ಪಾತ್ರ ಮಾಡಿದರು, ಮಳೆಗಾಲದಲ್ಲಿ ಬರಿಗೈಯಲ್ಲಿ ಊರಿಗೆ ಮರಳಿದರು. “ಹೋಗೋದಿದ್ರ ಹೋಗವ್ವಾ, ಪಗಾರದ ತಾರೀಕು ಮೊದಲ ಕೇಳು ಅಂದ್ರ್ರಿ” ಎಂದು ಆಕೆ ಬರೆದಿದ್ದಾಳೆ. ದ್ವಾರಪಾಲಕನ ಎರಡು ಸಾಲಿನ ಮಾತು ಅವರಿಗೆ ಇನ್ನೂ ನೆನಪಿದೆಯಂತೆ, ಆ ರಾತ್ರಿ ಎದ್ದು ನಿಂತು ಆಡಿ ತೋರಿಸಿದರಂತೆ.